ಕ್ರಿಕೆಟ್ ತಂಡದ ದುಡ್ಡು ನಮ್ಮೂರ ಕೆರೆಗೆ: ಕೇಳುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಮಾರ್ಚ್ ತಿಂಗಳು ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ. ‘ಅಣ್ಣಾ, ಆರ್‌ಸಿಬಿಯವರು ಕೆರೆ ಮಾಡಿಸಿಕೊಟ್ರಂತಲ್ಲ, ನಮ್ಮೂರಿನದಕ್ಕೂ ಕೇಳಬಹುದಾ?’ ಕೇಳಬಹುದು. ಆದರೆ ಕೇಳುವ ಬಾಗಿಲು, ಕೇಳುವ ಹೊತ್ತು, ಕೈಯಲ್ಲಿರಬೇಕಾದ ಕಾಗದ ಇವು ಮೂರೂ ಸರಿಯಿಲ್ಲದಿದ್ದರೆ ಅರ್ಜಿ ಯಾರ ಮೇಜಿಗೂ ತಲುಪುವುದಿಲ್ಲ. ಊರಿನ ಕೆರೆ ಸಮಿತಿ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಯುವಕ ಸಂಘದಲ್ಲಿ ಇರುವವರಿಗಾಗಿ ಆ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಆ ಕೆರೆಗಳ ಸುದ್ದಿ ನಿಜ. ಬೆಂಗಳೂರಿನ ಹೊರವಲಯದ ಇಟ್ಟಗಲ್‌ಪುರ ಮತ್ತು ಸಾದೇನಹಳ್ಳಿ ಕೆರೆಗಳಲ್ಲಿ ಆರ್‌ಸಿಬಿ ನೆರವಿನಿಂದ 2023ರಲ್ಲಿ ಕೆಲಸ ಶುರುವಾಯಿತು. ಎರಡರಿಂದ ತೆಗೆದ ಹೂಳು ಮತ್ತು ಮರಳು ಸುಮಾರು 1.20 ಲಕ್ಷ ಟನ್. ಅದರಲ್ಲಿ ಒಂದಷ್ಟು ಏರಿಗೂ ಕಾಲುದಾರಿಗೂ ಹೋಯಿತು, ಒಂದಷ್ಟನ್ನು ಸುತ್ತಲಿನ ರೈತರು ಹೊಲಕ್ಕೆ ಹೊಡೆಸಿಕೊಂಡರು. ನನಗೆ ಬಹಳ ಹಿಡಿಸಿದ್ದು ಈ ಕೊನೆಯ ಸಂಗತಿ. ಹೂಳು ಹೊಲಕ್ಕೆ ಹೋಗುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಕ್ರಿಕೆಟ್ ತಂಡದ ದುಡ್ಡು ಬಂದಾಗಲೂ ಅದು ತಪ್ಪಲಿಲ್ಲ.

ಮೊದಲ ಹೆಜ್ಜೆ: ಇದು ಯಾವ ಜೇಬಿನ ದುಡ್ಡು?

‘ತಂಡದವರು ಕೊಟ್ಟರು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಒಳಗೆ ಹೊಕ್ಕು ನೋಡಿದರೆ ಜೇಬುಗಳು ಬೇರೆ ಬೇರೆ, ಒಂದೊಂದಕ್ಕೂ ಕಟ್ಟುಪಾಡು ಬೇರೆ.

ದೊಡ್ಡ ಜೇಬು ಮಾಲೀಕ ಕಂಪನಿಯದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಒಂದು ಗಾತ್ರಕ್ಕಿಂತ ದೊಡ್ಡ ಕಂಪನಿಗಳ ಮೇಲೆ ಸಿಎಸ್‌ಆರ್, ಅಂದರೆ ಲಾಭದ ಒಂದು ಪಾಲನ್ನು ಸಮಾಜಕ್ಕಾಗಿ ಖರ್ಚು ಮಾಡುವ ಹೊಣೆ ಹೊರಿಸಿತು. ಕಾಯ್ದೆ ಬಂದಾಗ ಇಟ್ಟ ಅಳತೆ ಹೀಗಿತ್ತು: 500 ಕೋಟಿ ನಿವ್ವಳ ಸಂಪತ್ತು, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಗಳು ಎಂಬುದು ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ, ಆರೋಗ್ಯ, ಪರಿಸರ ಎಲ್ಲ ಅದರಲ್ಲಿ ಬರುತ್ತವೆ. ಗ್ರಾಮೀಣ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಬರುತ್ತದೆ. ಆದ್ದರಿಂದ ಕೈ ಮುಗಿದು ದಾನ ಬೇಡುವ ದನಿ ನಿಮಗೆ ಬೇಡ. ಅವರು ಹೇಗೂ ಖರ್ಚು ಮಾಡಲೇಬೇಕಾದ ಹಣಕ್ಕೆ ನೀವು ಒಳ್ಳೆಯ ಕೆಲಸವೊಂದನ್ನು ತೋರಿಸುತ್ತಿದ್ದೀರಿ.

ಎರಡನೆಯ ಜೇಬು ಜಾಹೀರಾತಿನದು. ಊರ ಟೂರ್ನಮೆಂಟಿಗೆ ಬ್ಯಾನರ್, ಟಿ-ಶರ್ಟ್, ಟ್ರೋಫಿ ಕೊಡುವುದು ಈ ಜೇಬಿನಿಂದ. ಮಾರಾಟದ ಲಾಭಕ್ಕಾಗಿ ಮಾಡುವ ಪ್ರಾಯೋಜನೆ ಸಿಎಸ್‌ಆರ್ ಲೆಕ್ಕಕ್ಕೆ ಬರಕೂಡದು ಎಂದು ನಿಯಮವೇ ಹೇಳುತ್ತದೆ. ಹೀಗಾಗಿ ಟೂರ್ನಮೆಂಟಿನ ಖರ್ಚನ್ನೂ ಕೆರೆ ಕೆಲಸವನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಎರಡೂ ಕೈತಪ್ಪುತ್ತವೆ.

ಮೂರನೆಯದು ತಂಡವೋ ಅದರ ಮಾಲೀಕರೋ ಕಟ್ಟಿದ ಪ್ರತಿಷ್ಠಾನ. ರಾಜಸ್ಥಾನ ರಾಯಲ್ಸ್‌ಗೆ ರಾಯಲ್ ರಾಜಸ್ಥಾನ ಫೌಂಡೇಶನ್ ಇದೆ. 2024ರ ಏಪ್ರಿಲ್ 6ರಂದು ಜೈಪುರದಲ್ಲಿ ನಮ್ಮವರ ವಿರುದ್ಧವೇ ಆಡಿದ ಪಂದ್ಯದಲ್ಲಿ, ಬಿದ್ದ ಒಂದೊಂದು ಸಿಕ್ಸರಿಗೆ ಆರಾರು ಮನೆಗಳಿಗೆ ಸೌರ ವಿದ್ಯುತ್ ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಮುಂಬೈ ಇಂಡಿಯನ್ಸ್‌ನ ಮಕ್ಕಳ ಶಿಕ್ಷಣದ ಕಾರ್ಯಕ್ರಮ ರಿಲಯನ್ಸ್ ಫೌಂಡೇಶನ್ ಕೈಯಲ್ಲಿದೆ. ನಾಲ್ಕನೆಯ ಜೇಬು ಆಟಗಾರರ ಸ್ವಂತ ದುಡ್ಡು. ಅದಕ್ಕೆ ನಿಯಮವೂ ಇಲ್ಲ, ವೇಳೆಯೂ ಇಲ್ಲ. ಅದನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ.

ಎರಡನೆಯ ಹೆಜ್ಜೆ: ಕೆಲಸ ಮಾಡುವ ಕೈ ಹುಡುಕಿ

ತಂಡದ ಫೇಸ್‌ಬುಕ್ ಪುಟಕ್ಕೆ ಸಂದೇಶ ಕಳಿಸಿ ಕಾದವರನ್ನು ಬಹಳ ನೋಡಿದ್ದೇನೆ. ಆ ಪುಟ ನೋಡಿಕೊಳ್ಳುವ ಹುಡುಗರಿಗೂ ಸಿಎಸ್‌ಆರ್ ಕಡತಕ್ಕೂ ಸಂಬಂಧವೇ ಇರುವುದಿಲ್ಲ.

ಬದಲಿಗೆ ಹೀಗೆ ಮಾಡಿ. ತಂಡದ ಮಾಲೀಕ ಕಂಪನಿ ಯಾವುದೆಂದು ಮೊದಲು ಪತ್ತೆ ಹಚ್ಚಿ. ಸಿಎಸ್‌ಆರ್ ಸಮಿತಿಯಲ್ಲಿ ಯಾರಿದ್ದಾರೆ, ನೀತಿ ಏನು, ಆಡಳಿತ ಮಂಡಳಿ ಒಪ್ಪಿದ ಯೋಜನೆಗಳು ಯಾವುವು ಎಂಬುದನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಅದನ್ನು ಓದಿ. ಬಳಿಕ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಆ ಕಂಪನಿ ಎಲ್ಲೆಲ್ಲಿ, ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದೆ ಎಂದು ನೋಡಿ. ಕೆಲವು ಕಂಪನಿಗಳ ವಾರ್ಷಿಕ ವರದಿಯಲ್ಲಿ ಕೆಲಸ ಮಾಡಿಸಿದ ಸಂಸ್ಥೆಯ ಹೆಸರೂ ಸಿಗುತ್ತದೆ. ನೀವು ಮೊದಲು ಮಾತಾಡಬೇಕಾದ್ದು ಆ ಸಂಸ್ಥೆಯವರ ಹತ್ತಿರ. ಆರ್‌ಸಿಬಿ ಕೆರೆಗಳಲ್ಲಿ ನೆಲದ ಮೇಲೆ ನಿಂತು ಕೆಲಸ ಮಾಡಿಸಿದ್ದು ಇಂಡಿಯಾ ಕೇರ್ಸ್ ಫೌಂಡೇಶನ್. ಮುಂದಿನ ವರ್ಷ ಯಾವ ಕೆರೆ ಎಂಬ ಪಟ್ಟಿ ಸಾಮಾನ್ಯವಾಗಿ ಇಂಥವರ ಸಮೀಕ್ಷೆಯಿಂದಲೇ ಹುಟ್ಟುತ್ತದೆ.

ಒಂದೇ ಮನೆಗೆ ಎರಡು ಬಾಗಿಲು ಇರುವುದೂ ಉಂಟು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಸಮೂಹದ್ದು. ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕೂಡ ಅದೇ ಸಮೂಹ ಕಟ್ಟಿದ್ದು. ನಿಮ್ಮೂರಿನ ಹುಡುಗಿ ಕುಸ್ತಿಯಲ್ಲೋ ಜೂಡೊದಲ್ಲೋ ಚೆನ್ನಾಗಿದ್ದರೆ ಫುಟ್‌ಬಾಲ್ ಕ್ಲಬ್ಬಿನ ಬಾಗಿಲು ತಟ್ಟಿ ಪ್ರಯೋಜನವಿಲ್ಲ, ಆ ಸಂಸ್ಥೆಯ ಆಯ್ಕೆ ಶಿಬಿರಕ್ಕೆ ಕರೆದುಕೊಂಡು ಹೋಗಬೇಕು.

ಇನ್ನೊಂದು ವಿಷಯ. ಕಂಪನಿ ತಾನಿರುವ ಜಾಗ ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ದೇವನಹಳ್ಳಿ, ಹೊಸಕೋಟೆ ಕಡೆಯವರಿಗೆ ಇದು ಅನುಕೂಲ. ಬೀದರಿನವರು ಬೆಂಗಳೂರಿನ ತಂಡದ ಹಿಂದೆ ಓಡುವುದಕ್ಕಿಂತ ತಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ಇರುವ ಕಂಪನಿಯನ್ನು ಹಿಡಿಯುವುದು ಮೇಲು.

ಮೂರನೆಯ ಹೆಜ್ಜೆ: ಕಾಗದ

ಬೇಸರದ ಕೆಲಸ, ಆದರೆ ಹೆಚ್ಚಿನ ಅರ್ಜಿಗಳು ಸಾಯುವುದು ಇಲ್ಲೇ. ಸಿಎಸ್‌ಆರ್ ಹಣ ಪಡೆಯುವ ಟ್ರಸ್ಟು ಅಥವಾ ಸಂಘ ನೋಂದಣಿಯಾಗಿರಬೇಕು, ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ ಇರಬೇಕು, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆ ತುಂಬಿ ಕೇಂದ್ರದಿಂದ ನೋಂದಣಿ ಸಂಖ್ಯೆ ಪಡೆಯುವುದೂ ಕಡ್ಡಾಯ. ಅದರ ಜೊತೆಗೆ ಪ್ಯಾನ್, ಬ್ಯಾಂಕ್ ಖಾತೆ, ಮೂರು ವರ್ಷದ ಆಡಿಟ್ ವರದಿ.

ಊರಿನ ಕೆರೆ ಸಮಿತಿಯ ಹತ್ತಿರ ಇವುಗಳಲ್ಲಿ ಒಂದೂ ಇರುವುದಿಲ್ಲ. ಹೊಸ ಟ್ರಸ್ಟು ಮಾಡಿ ಮೂರು ವರ್ಷ ಕಾಯಬೇಕಾಗಿಲ್ಲ. ಕಾಗದ ಇರುವ, ಲೆಕ್ಕ ನೇರವಾಗಿರುವ, ನಿಮ್ಮ ತಾಲ್ಲೂಕಿನಲ್ಲಿ ಆಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯೊಂದರ ಜೊತೆ ಸೇರಿಕೊಳ್ಳಿ. ಹಣ ಅವರ ಖಾತೆಗೆ ಬರಲಿ, ಯೋಜನೆ ಮತ್ತು ಮೇಲ್ವಿಚಾರಣೆ ನಿಮ್ಮದಿರಲಿ. ಇದನ್ನು ಇಬ್ಬರೂ ಸಹಿ ಹಾಕಿದ ಒಂದು ಪುಟದಲ್ಲಿ ಬರೆದಿಡಿ. ಬಾಯಿಮಾತಿಗೆ ಬಿಟ್ಟರೆ ಮೊದಲ ಕಂತು ಬಂದ ದಿನವೇ ಮನಸ್ತಾಪ ಶುರುವಾಗುತ್ತದೆ.

ವಿದೇಶದ ತಂಡಗಳ ಪ್ರತಿಷ್ಠಾನಕ್ಕೆ ಬರೆಯುವ ಆಸೆಯಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಅಮೆರಿಕದ ಕನ್ನಡ ಕೂಟ ಕಳಿಸುವ ಹಣವೂ ವಿದೇಶಿ ದೇಣಿಗೆಯೇ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ನಿಮ್ಮೂರಿನವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಹಾಗಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಕಳಿಸುವವರು ನಂಟರೇ ಆಗಿದ್ದರೂ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕೆಲಸವನ್ನು ನೀವೇ ಅಳೆಯಿರಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕೊಡಿ. ‘ನಮ್ಮ ಕೆರೆ ಹಾಳಾಗಿದೆ, ಸಹಾಯ ಮಾಡಿ’ ಎಂದು ಬರೆದ ಅರ್ಜಿ ನೂರರಲ್ಲಿ ಒಂದಾಗಿ ಹೋಗುತ್ತದೆ. ಅಳತೆ ಇರುವ ಅರ್ಜಿಯನ್ನು ಎತ್ತಿ ಪಕ್ಕಕ್ಕಿಡುತ್ತಾರೆ.

ಮೊದಲು ಕೆರೆ ಯಾರ ವಶದಲ್ಲಿದೆ ನೋಡಿ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ ಸೇರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಪಿಡಿಒ ಅವರನ್ನು ಕಂಡು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ವಶದಲ್ಲಿರುವ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಿ. ಗಡಿ ಸರ್ವೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ. ಒತ್ತುವರಿ ಇರುವ ಕೆರೆಗೆ ಜೆಸಿಬಿ ಇಳಿಸಿದರೆ ಕೆಲಸ ಮೊದಲ ವಾರವೇ ಕೋರ್ಟಿನಲ್ಲಿ ನಿಲ್ಲುತ್ತದೆ, ಕಂಪನಿಯವರು ಮತ್ತೆ ಆ ದಿಕ್ಕಿಗೆ ತಲೆ ಹಾಕುವುದಿಲ್ಲ.

ಆಮೇಲೆ ಲೆಕ್ಕ. ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಮೀಟರ್ ಹೂಳು ತೆಗೆದರೆ ಸುಮಾರು 4,000 ಘನ ಮೀಟರ್ ಮಣ್ಣು. ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಘನ ಮೀಟರ್ ಎಂದು ಹಿಡಿದರೂ 1,300ಕ್ಕಿಂತ ಹೆಚ್ಚು ಲೋಡು. ಆ ಜಾಗದಲ್ಲಿ ಹೆಚ್ಚುವರಿಯಾಗಿ ನಿಲ್ಲುವ ನೀರು ಸುಮಾರು 40 ಲಕ್ಷ ಲೀಟರ್. ಈ ಮೂರು ಅಂಕಿಗಳನ್ನು ನಿಮ್ಮ ಕೆರೆಯ ಎಕರೆಗೆ ಗುಣಿಸಿ ಬರೆಯಿರಿ. ಎಷ್ಟು ರೈತರು ಎಷ್ಟೆಷ್ಟು ಲೋಡು ಒಯ್ಯಲು ಒಪ್ಪಿದ್ದಾರೆ ಎಂದು ಸಹಿ ಸಮೇತ ಪಟ್ಟಿ ಮಾಡಿ. ಹೂಳು ತೋಡುವುದಕ್ಕಿಂತ ಸಾಗಿಸುವ ಖರ್ಚೇ ಎಷ್ಟೋ ಕಡೆ ಹೆಚ್ಚಾಗುವುದರಿಂದ ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಒಯ್ದರೆ ಯೋಜನೆಯ ಮೊತ್ತ ಗಣನೀಯವಾಗಿ ಇಳಿಯುತ್ತದೆ.

ಹೂಳಿನ ಮಾತಿನಲ್ಲಿ ಕಾಲುವೆ ಮರೆಯಬೇಡಿ. ನೀರು ತರುವ ರಾಜಕಾಲುವೆ ಮುಚ್ಚಿದ್ದರೆ ತೋಡಿದ ಕೆರೆ ಒಣ ಗುಂಡಿಯಾಗಿ ಉಳಿಯುತ್ತದೆ. ತೂಬು, ಕೋಡಿ, ಏರಿ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಊರಿನ ನೀರುಗಂಟಿಯನ್ನೋ ಹಿರಿಯರನ್ನೋ ಜೊತೆಗೆ ಕರೆದುಕೊಂಡು ಸುತ್ತಿ ಬರೆದುಕೊಳ್ಳಿ. ಎಂಜಿನಿಯರ್ ಬರುವ ಮುಂಚೆಯೇ ಕೋಡಿ ಕೊನೆಯ ಸಲ ಬಿದ್ದದ್ದು ಯಾವ ವರ್ಷ ಎಂದು ಹೇಳಬಲ್ಲವರು ಅವರೇ.

ಶಾಲೆಯ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಒಂದು ಕಂಪನಿಗೆ ಬರೆದು ನಮ್ಮ ಪ್ರೌಢಶಾಲೆಗೆ ಕ್ರಿಕೆಟ್ ಕಿಟ್ ತರಿಸಿದೆವು. ಪ್ಯಾಡು, ಹೆಲ್ಮೆಟ್ಟು, ಲೆದರ್ ಬಾಲು ಎಲ್ಲ ಬಂತು, ಸಮಾರಂಭವೂ ಆಯಿತು. ಮೈದಾನ ಮಾತ್ರ ಕಲ್ಲುಗುಂಡಿನದು. ಲೆದರ್ ಬಾಲು ಎಲ್ಲೆಂದರಲ್ಲಿ ಪುಟಿದು ಎರಡನೇ ದಿನವೇ ಒಬ್ಬ ಹುಡುಗನ ತುಟಿ ಹರಿಯಿತು. ಪಿಟಿ ಮೇಷ್ಟ್ರು ಕಿಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು, ಮಕ್ಕಳು ಮತ್ತೆ ಟೆನಿಸ್ ಬಾಲಿಗೆ ಮರಳಿದರು. ಕಂಪನಿಯವರ ತಪ್ಪೇನೂ ಇಲ್ಲ, ನಾವು ಕೇಳಿದ್ದನ್ನೇ ಕೊಟ್ಟರು. ಮೈದಾನ ಸಮ ಮಾಡಿಸಲು, ಹುಡುಗಿಯರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆಗೆ, ಸಂಜೆ ಎರಡು ತಾಸು ಆಡಿಸುವ ತರಬೇತುದಾರರ ಎರಡು ವರ್ಷದ ಗೌರವಧನಕ್ಕೆ ನಾವು ಕೇಳಬೇಕಿತ್ತು. ಅಂದಿನಿಂದ ಏನೇ ಬರೆಯುವ ಮುಂಚೆ ಮಕ್ಕಳನ್ನೂ ಪಿಟಿ ಮೇಷ್ಟ್ರನ್ನೂ ಮೈದಾನದಲ್ಲೇ ಕೂರಿಸಿಕೊಂಡು ಕೇಳುತ್ತೇನೆ.

ಐದನೆಯ ಹೆಜ್ಜೆ: ಎರಡು ಪುಟ, ಸರಿಯಾದ ತಿಂಗಳು

ಅರ್ಜಿ ಎರಡು ಪುಟ ಮೀರದಿರಲಿ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪ್ರತಿ. ಕೆಲಸ ಏನು, ಎಲ್ಲಿ, ಯಾರ ಅನುಮತಿ ಇದೆ, ಎಷ್ಟು ಖರ್ಚು, ಅದರಲ್ಲಿ ಊರಿನವರ ಪಾಲೆಷ್ಟು, ಮುಗಿದ ಮೇಲೆ ನೋಡಿಕೊಳ್ಳುವವರು ಯಾರು, ಇಷ್ಟು ಸಾಕು. 7ನೇ ಅನುಸೂಚಿಯ ಯಾವ ಬಾಬ್ತಿಗೆ ಬರುತ್ತದೆ ಎಂದೂ ಒಂದು ಸಾಲು ಬರೆಯಿರಿ, ಓದುವವರ ಕೆಲಸ ಹಗುರಾಗುತ್ತದೆ. ‘ಉದ್ಘಾಟನೆಗೆ ವಿರಾಟ್ ಕೊಹ್ಲಿ ಬರಬೇಕು’ ಎಂಬ ಸಾಲಿದ್ದರೆ ದಯವಿಟ್ಟು ಹೊಡೆದುಹಾಕಿ.

ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ವರ್ಷದ ಕ್ರಿಯಾ ಯೋಜನೆಯನ್ನು ಆಡಳಿತ ಮಂಡಳಿ ಒಪ್ಪಬೇಕು. ಆ ಪಟ್ಟಿ ಸಿದ್ಧವಾಗುವ ಮೊದಲೇ, ಅಂದರೆ ಚಳಿಗಾಲದಲ್ಲೇ, ನಿಮ್ಮ ಎರಡು ಪುಟ ಅವರ ಕೈ ಸೇರಿರಲಿ. ಐಪಿಎಲ್ ನಡೆಯುವಾಗ ತಂಡದ ಕಚೇರಿಯಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಕೆರೆಗೂ ಇದೇ ಲೆಕ್ಕ ಹೊಂದುತ್ತದೆ: ಚಳಿಗಾಲದಲ್ಲಿ ಮಾತು, ಮುಂದಿನ ಬೇಸಿಗೆಯಲ್ಲಿ ನೀರಿಳಿದಾಗ ಕೆಲಸ, ಮುಂಗಾರಿಗೆ ಮೊದಲು ಮುಕ್ತಾಯ.

ಆರನೆಯ ಹೆಜ್ಜೆ: ಸಹಿ ಹಾಕುವ ಮುನ್ನ ಕೇಳಬೇಕಾದ್ದು

ಮೊದಲ ಪ್ರಶ್ನೆ, ಎಷ್ಟು ವರ್ಷ? ಮೊತ್ತ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ವರ್ಷ ಹೆಚ್ಚು ಕೇಳಿ. ಶುರುವಾದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷದವರೆಗೆ ಮುಂದುವರಿಯುವ ಯೋಜನೆಗೆ ಸಿಎಸ್‌ಆರ್ ನಿಯಮದಲ್ಲಿ ಅವಕಾಶವಿದೆ. ಹೂಳೆತ್ತಿದ ಕೆರೆಗೆ ಎರಡನೇ ವರ್ಷ ಜೊಂಡು ಬರುತ್ತದೆ, ಏರಿಯಲ್ಲಿ ಜಾಲಿ ಬೆಳೆಯುತ್ತದೆ. ಮೊದಲ ವರ್ಷವೇ ಎಲ್ಲ ಖರ್ಚು ಮಾಡಿದ್ದರೆ ಅದನ್ನು ತೆಗೆಸಲು ದುಡ್ಡಿರುವುದಿಲ್ಲ.

ತಂಡಗಳು ಮಾಲೀಕರನ್ನು ಬದಲಿಸುತ್ತವೆ, ಊರನ್ನೂ ಬಿಡುತ್ತವೆ. ಅಮೆರಿಕದ ಬಾಸ್ಟನ್‌ನಲ್ಲಿ 1948ರಲ್ಲಿ ಬ್ರೇವ್ಸ್ ಎಂಬ ಬೇಸ್‌ಬಾಲ್ ತಂಡ ಕ್ಯಾನ್ಸರ್ ಬಂದ ಮಕ್ಕಳ ಚಿಕಿತ್ಸೆ ಮತ್ತು ಸಂಶೋಧನೆಯ ನಿಧಿಗೆ ಹೆಗಲು ಕೊಟ್ಟಿತು. 1953ರಲ್ಲಿ ಆ ತಂಡ ಊರು ಬಿಟ್ಟು ಮಿಲ್ವಾಕಿಗೆ ಹೋಯಿತು. ಆಗ ಅದೇ ಊರಿನ ಇನ್ನೊಂದು ತಂಡ ರೆಡ್ ಸಾಕ್ಸ್ ನಿಧಿಯನ್ನು ಕೈಗೆತ್ತಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ನಿಧಿ ತಂಡದ ಪೆಟ್ಟಿಗೆಯಲ್ಲಿರದೆ ವೈದ್ಯರ ಕೈಯಲ್ಲಿ, ಊರಿನಲ್ಲಿ ಇದ್ದುದರಿಂದ ಅದು ಸಾಧ್ಯವಾಯಿತು. ನಿಮ್ಮ ಒಪ್ಪಂದದಲ್ಲೂ ಮಾಲೀಕತ್ವ ಬದಲಾದರೆ ಉಳಿದ ಕಂತುಗಳ ಗತಿ ಏನು ಎಂದು ಒಂದು ಸಾಲು ಇರಲಿ. ಸಿಎಸ್‌ಆರ್ ಹಣದಿಂದ ಆದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಕೆರೆಯ ಪಂಪು, ಬೇಲಿ, ಶಾಲೆಯ ಕೋಣೆ ಎಲ್ಲ ಪಂಚಾಯಿತಿಯ ಅಥವಾ ಶಾಲೆಯ ದಾಸ್ತಾನು ಪುಸ್ತಕಕ್ಕೆ ಏರಲಿ.

ಆ ಬಾಸ್ಟನ್ ನಿಧಿಯ ಹೆಸರು ಜಿಮ್ಮಿ ಫಂಡ್. ಜಿಮ್ಮಿ ಎಂಬುದು ಆಸ್ಪತ್ರೆಯ ಹಾಸಿಗೆಯಿಂದ ರೇಡಿಯೊದಲ್ಲಿ ಮಾತಾಡಿದ 12 ವರ್ಷದ ಹುಡುಗನ ಹೆಸರು, ಆದರೆ ನಿಜವಾದ ಹೆಸರಲ್ಲ. ಮಗುವಿನ ಗುರುತು ಬೀದಿಗೆ ಬರಬಾರದೆಂದು ದೊಡ್ಡವರು ಬೇರೆ ಹೆಸರಿಟ್ಟಿದ್ದರು. 1948ರಲ್ಲೇ ಆ ಎಚ್ಚರವಿತ್ತು. ನಮ್ಮಲ್ಲಿ ಇಂದು ಒಂದು ಜೊತೆ ಶೂ ಕೊಟ್ಟರೆ ಮಗುವಿನ ಮುಖ, ಹೆಸರು, ಅಪ್ಪನ ಕಷ್ಟ ಎಲ್ಲವೂ ರೀಲ್ಸ್‌ನಲ್ಲಿ ಬರುತ್ತದೆ. ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಫೋಟೊ ಇಲ್ಲ ಎಂಬ ಷರತ್ತನ್ನು ನೀವೇ ಹಾಕಿ. ಕೊಡುವವರು ಬೇಸರಿಸಿಕೊಂಡಾರು ಎಂಬ ಅಳುಕು ಬೇಡ.

ಲೋಗೊ ವಿಚಾರವೂ ಸಹಿಗೆ ಮೊದಲೇ ತೀರ್ಮಾನವಾಗಲಿ. ನಮ್ಮ ಅಚ್ಚುಮೆಚ್ಚಿನ ತಂಡದ ಹೆಸರೇ ಮದ್ಯದ ಬ್ರಾಂಡಿನಿಂದ ಬಂದದ್ದು. ಮಕ್ಕಳ ಟಿ-ಶರ್ಟಿನ ಮೇಲೆ ಯಾವ ಹೆಸರಿರಬೇಕು, ಯಾವುದಿರಬಾರದು ಎಂಬುದನ್ನು ಎಸ್‌ಡಿಎಂಸಿ ಕೂತು ನಿರ್ಧರಿಸಲಿ. 2006ರಲ್ಲಿ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ ಅಂಗಿಯ ಮೇಲೆ ಯುನಿಸೆಫ್ ಹೆಸರು ಹಾಕಿಕೊಂಡಾಗ ದುಡ್ಡು ಪಡೆಯುವ ಬದಲು ವರ್ಷಕ್ಕೆ 15 ಲಕ್ಷ ಯೂರೊ ತಾನೇ ಕೊಟ್ಟಿತ್ತು. ಅಂಗಿಯ ಎದೆ ಹೀಗೂ ಬಳಕೆಯಾಗಬಹುದು.

ಪಂದ್ಯಕ್ಕೆ ಮಕ್ಕಳನ್ನು ಕರೆದರೆ ಸಂತೋಷವೇ. ಆದರೆ ಬಸ್ಸು, ಗೇಟಿನ ಸಂಖ್ಯೆ, ಹತ್ತು ಮಕ್ಕಳಿಗೊಬ್ಬ ದೊಡ್ಡವರು, ನೀರು, ಶೌಚಾಲಯ, ಹೊರಡುವ ಹೊತ್ತು ಎಲ್ಲವನ್ನೂ ಬರಹದಲ್ಲಿ ಕೇಳಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಸಂಭ್ರಮಕ್ಕೆ ಹೋದ 11 ಜನ ಕಾಲ್ತುಳಿತದಲ್ಲಿ ಸತ್ತರು. ಅವರಲ್ಲಿ ಎಳೆಯರಿದ್ದರು. ಆ ಸಂಜೆಯನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಆಗಸ್ಟ್ ಕೊನೆಯಲ್ಲಿ ತಂಡ ‘ಆರ್‌ಸಿಬಿ ಕೇರ್ಸ್’ ಹೆಸರಿನಲ್ಲಿ ಪ್ರತಿ ಕುಟುಂಬಕ್ಕೆ 25 ಲಕ್ಷ ರೂಪಾಯಿ ಕೊಡುವುದಾಗಿ ಪ್ರಕಟಿಸಿತು. ಕೆರೆ, ಶಾಲೆ, ಗಿಡ ಎಲ್ಲ ಒಳ್ಳೆಯದೇ, ಆದರೆ ಅಭಿಮಾನಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಅವೆಲ್ಲಕ್ಕೂ ಮೊದಲ ಹೊಣೆ. ಆದ್ದರಿಂದ ಗೇಟು, ಬಸ್ಸಿನ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರದಿದ್ದರೆ ಮಕ್ಕಳನ್ನು ಕಳಿಸಬೇಡಿ, ಪಾಸು ಎಷ್ಟೇ ಬಂದಿರಲಿ.

ಏಳನೆಯ ಹೆಜ್ಜೆ: ದುಡ್ಡು ಬಂದ ಮೇಲೆ

ಕೊಟ್ಟ ಹಣ ಹೇಳಿದ ಕೆಲಸಕ್ಕೇ ಹೋಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ಅವರಿಗೆ ಬೇಕಾದ ಬಿಲ್ಲು, ಅಳತೆ ಪುಸ್ತಕ, ಯೂಸಿ (ಹಣ ಬಳಕೆ ಪ್ರಮಾಣಪತ್ರ) ಎಲ್ಲ ಕೇಳುವ ಮುಂಚೆಯೇ ತಲುಪಿಸಿ. ಖರ್ಚಿನ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೂ ಅಂಟಿಸಿ. ದೂರದ ದಾನಿಗೆ ಲೆಕ್ಕ ಕೊಟ್ಟು ಹತ್ತಿರದ ನೆರೆಯವರಿಗೆ ಕೊಡದಿದ್ದರೆ ಊರಿನಲ್ಲಿ ಗುಸುಗುಸು ಹುಟ್ಟುತ್ತದೆ.

ಅಭಿಮಾನಿ ಬಳಗ ಇದ್ದರೆ ಅವರನ್ನು ಸೇರಿಸಿಕೊಳ್ಳಿ. ಲಿವರ್‌ಪೂಲ್ ನಗರದಲ್ಲಿ ಬದ್ಧ ವೈರಿಗಳಾದ ಲಿವರ್‌ಪೂಲ್ ಮತ್ತು ಎವರ್ಟನ್ ತಂಡಗಳ ಅಭಿಮಾನಿಗಳು 2015ರಲ್ಲಿ ಒಂದಾಗಿ, ಪಂದ್ಯಕ್ಕೆ ಬರುವವರಿಂದ ಆಹಾರದ ಪೊಟ್ಟಣ ಸಂಗ್ರಹಿಸಿ ಹಸಿದ ಮನೆಗಳಿಗೆ ಮುಟ್ಟಿಸತೊಡಗಿದರು. ನಮ್ಮ ಹುಡುಗರು ಏರಿಯ ಜಾಲಿ ಕಡಿಯಲು ವರ್ಷಕ್ಕೆ ಎರಡು ಭಾನುವಾರ ಬಂದರೆ ಸಾಕು.

ಕೊನೆಯದಾಗಿ ತೂಬಿನ ಪಕ್ಕ ಅಡಿ ಗುರುತು ಹಾಕಿದ ಒಂದು ಕಲ್ಲು ನೆಡಿ. ಕೆಲಸಕ್ಕೆ ಮೊದಲು ನೀರು ಎಷ್ಟಿತ್ತು, ಸುತ್ತಲಿನ ನಾಲ್ಕೈದು ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಎಷ್ಟಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ನೋಡಿ ಬರೆಯುವ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೆ ವಹಿಸಿ. ಹೂಳೆತ್ತಿದ ಮೇಲಿನ ಮೊದಲ ಮಳೆಗಾಲದಲ್ಲಿ ಕೋಡಿ ಬಿದ್ದ ದಿನ ಆ ಕಲ್ಲಿನ ಫೋಟೊ, ನೋಟ್‌ಬುಕ್ಕಿನ ಆ ಪುಟ ಎರಡನ್ನೂ ಕಂಪನಿಗೆ ಕಳಿಸಿ. ಎರಡನೇ ವರ್ಷದ ಕಂತಿನ ಅರ್ಜಿಯನ್ನು ಅದರ ಜೊತೆಯಲ್ಲೇ ಇಡಿ.